ಸುಂದರಾ ಬಾವಿಗೆ ಹಾರಿದಳು

ಅಕ್ಕೋಳದ ಹೈಸ್ಕೂಲಿನ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನಲ್ಲಿ ನಲವತ್ತೊಂದು ಜನ ಇದ್ದೆವು. ಅದರಲ್ಲಿ ಹುಡುಗಿಯರು ಏಳೇ ಏಳು. ಏಳರಲ್ಲಿ ಐವರು ಮುಂದಿನ ಬೆಂಚುಗಳಲ್ಲಿ ಒತ್ತಿ ಕುಳಿತು, ತಲೆ ತಗ್ಗಿಸಿ, ಹೇಳಿದ್ದನ್ನೆಲ್ಲ ಬರೆದುಕೊಂಡು ಮನೆಗೆ ಹೋಗುವವರು. ಆರನೆಯವಳು ನಾನು, ಬ್ರಾಹ್ಮಿ. ನಾನೂ ಅದನ್ನೇ ಮಾಡುತ್ತಿದ್ದೆ, ಆದರೆ ನಡುನಡುವೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಏಳನೆಯವಳು ಸುಂದರಾ. ಅವಳು ಕಿಟಕಿಯ ಹೊರಗೇ ಇರುತ್ತಿದ್ದಳು.

ತಡವಾಗಿ ಬರುವುದು ಅವಳ ರೂಢಿ. ಬೆಳಿಗ್ಗೆ ಕಬ್ಬಿಗೆ ನೀರು ತಿರುವಿ, ಬಾವಿಯಲ್ಲಿ ಒಂದಷ್ಟು ಹೊತ್ತು ಈಜಿ, ಒದ್ದೆ ಕೂದಲು ಬೆನ್ನಿಗೆ ಅಂಟಿಸಿಕೊಂಡು ಓಡಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಗಣಿತದ ಮಾಸ್ತರರು ಅವಳ ಮುಖ ಕೂಡ ನೋಡದೆ ಬಾಗಿಲ ಕಡೆ ಬೆರಳು ತೋರಿಸುತ್ತಿದ್ದರು. ಅವಳು ಹೊರಗೆ ನಿಂತು ಕಿಟಕಿಯಿಂದ ನನಗೆ ಹಲ್ಲು ಕಿರಿಯುತ್ತಿದ್ದಳು. ವರ್ಷದ ಕೊನೆಗೆ ಗಣಿತದಲ್ಲಿ ನನಗಿಂತ ಆರು ಮಾರ್ಕು ಹೆಚ್ಚು ತೆಗೆದಳು. ಹೊರಗೆ ನಿಂತರೆ ಪಾಠ ಚೆನ್ನಾಗಿ ಕೇಳಿಸುತ್ತದೆ ಎಂದು ಅವಳ ವಾದ.

ಸುಂದರಾಳ ಅಪ್ಪ ಮುರಗೆಪ್ಪ ಕಾಕಾನಿಗೆ ಊರ ಕೆಳಗೆ ನಾಲ್ಕು ಎಕರೆ ಕಬ್ಬು, ಒಂದು ಕಲ್ಲು ಕಟ್ಟಿದ ಬಾವಿ, ಮೂವರು ಹೆಣ್ಣುಮಕ್ಕಳು. ಮಕ್ಕಳಿಗೆ ಆರು ತುಂಬಿದ ಬೇಸಿಗೆಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಒಬ್ಬೊಬ್ಬರನ್ನೇ ನೀರಿಗೆ ಬಿಟ್ಟವನು ಅವನು. ಹುಡುಗಿಯರಿಗೆ ಈಜು ಯಾಕೆ ಎಂದು ಯಾರಾದರೂ ಕೇಳಿದರೆ, “ಬಾವಿಗಿ ಹೆಣ್ಣು ಗಂಡು ತಿಳ್ಯೂದಿಲ್ಲೋ ಮಾರಾಯಾ, ಯಾರ ಬಿದ್ರೂ ಒಳಗ ಎಳಕೊಳ್ತೈತಿ” ಎನ್ನುತ್ತಿದ್ದ.

ನಮ್ಮದು ಜೈನರ ಓಣಿ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆ. ನನಗೆ ಬಾವಿಗೆ ಹೋಗುವುದೆಂದರೆ ಕೊಡ ತುಂಬಿಕೊಂಡು ಬರುವುದು, ಅಷ್ಟೇ. ಬಗ್ಗಿ ಒಳಗೆ ನೋಡಿದರೂ ತಲೆ ತಿರುಗುತ್ತಿತ್ತು.

ನಾವು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಆ ಪ್ರಸಂಗ ನಡೆಯಿತು. ಶಾಲೆಯ ಹಿಂದೆ ಗಿಡ್ಡ ಗೋಡೆ, ಗೋಡೆಯ ಆಚೆ ಒಂದು ದೊಡ್ಡ ಬಾವಿ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಅಲ್ಲಿ ಈಜುತ್ತಿದ್ದರು. ಹುಡುಗಿಯರು ಆ ಗೋಡೆಯ ಹತ್ತಿರವೂ ಸುಳಿಯಬಾರದು. ನಮ್ಮ ಓಣಿಯ ಭಾವುಸಾಹೇಬ ಕೂಡ ನಮ್ಮ ತರಗತಿಯವನೇ; ಕಿರಾಣಿ ಅಂಗಡಿಯವರ ಒಬ್ಬನೇ ಮಗ, ತುಪ್ಪ ತಿಂದು ಬೆಳೆದ ಮೈ. ಅವನಿಗೆ ಈಜು ಬರುತ್ತಿರಲಿಲ್ಲ. ಆದರೆ ಬರುವುದಿಲ್ಲ ಎಂದು ಹೇಳುವುದೂ ಬರುತ್ತಿರಲಿಲ್ಲ. ಅಂದು ಹುಡುಗರು ಕೆಣಕಿದರು, ಇವನು ಅಂಗಿ ಬಿಚ್ಚಿಟ್ಟು ಮೇಲಿನ ಕಲ್ಲಿನಿಂದಲೇ ಹಾರಿಬಿಟ್ಟ.

ಮೊದಲನೆಯ ಸಲ ಅವನು ಮೇಲೆ ಬಂದಾಗ ಹುಡುಗರು ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಬಂದಾಗ ಅವನ ಕೈಗಳಷ್ಟೇ ಕಂಡವು. ಹುಡುಗರು ಇನ್ನೂ ನಗುತ್ತಲೇ ಇದ್ದರು. ಬೆಳಗಿನ ಶಿಕ್ಷೆ ಮುಗಿಯದೆ ಶಾಲೆಯ ಹಿಂಬದಿಗೆ ನಿಂತಿದ್ದ ಸುಂದರಾ ಅದನ್ನು ಗೋಡೆಯ ಮೇಲಿಂದ ನೋಡಿದಳು. ಗೋಡೆ ದಾಟಿದ್ದು, ಓಡಿದ್ದು, ಲಂಗ ಬ್ಲೌಸಿನಲ್ಲೇ ನೀರಿಗೆ ಬಿದ್ದದ್ದು, ಎಲ್ಲ ಒಂದೇ ಉಸಿರಿನಲ್ಲಿ.

ಯಾರೋ ಊರೊಳಗೆ ಕೂಗುತ್ತ ಓಡಿದರು: “ಸುಂದರಾ ಬಾವಿಗಿ ಹಾರ್ಯಾಳ! ಮುರಗೆಪ್ಪನ ಮಗಳು ಬಾವಿಗಿ ಹಾರ್ಯಾಳ!”

ಹೆಣ್ಣುಮಗಳು ಬಾವಿಗೆ ಹಾರಿದಳು ಎಂದರೆ ನಮ್ಮ ಕಡೆ ಒಂದೇ ಅರ್ಥ. ಅವಳ ಅವ್ವ ಎದೆ ಬಡಿದುಕೊಂಡು ಓಡಿ ಬಂದಳು, ಹಿಂದೆ ಅರ್ಧ ಊರು. ಬಂದು ನೋಡಿದರೆ ಸುಂದರಾ ಮೆಟ್ಟಿಲ ಮೇಲೆ ಕುಳಿತು ಒಂದು ಕೈಯಿಂದ ಲಂಗ ಹಿಂಡುತ್ತಿದ್ದಾಳೆ. ಇನ್ನೊಂದು ಕೈ ಇನ್ನೂ ಭಾವುಸಾಹೇಬನ ಜುಟ್ಟಿನಲ್ಲೇ ಇದೆ. ಅವನು ನೀರು ಕಕ್ಕುತ್ತ, “ಬಿಡಬೇ, ನೋಯಾಕತ್ತೈತಿ” ಎನ್ನುತ್ತಿದ್ದಾನೆ. ಅವ್ವ ಮಗಳನ್ನು ಮೊದಲು ಬಾಚಿ ತಬ್ಬಿಕೊಂಡಳು, ಆಮೇಲೆ ಬೆನ್ನಿಗೆ ಎರಡು ಬಿಗಿದಳು. ಹೆಡ್ ಮಾಸ್ತರರು ಹುಡುಗರ ಬಾವಿಗೆ ಹುಡುಗಿ ಇಳಿದದ್ದು ಶಿಸ್ತಿಗೆ ವಿರುದ್ಧ ಎಂದು ಸುಂದರಾಳನ್ನು ಎಲ್ಲರೆದುರು ಬೈದರು. ಮಗ ಬದುಕಿದ ಖುಷಿಗೆ ಭಾವುಸಾಹೇಬನ ತಾಯಿ ಕಮಲಾಬಾಯಿ ಮರುದಿನ ಶಾಲೆಗೆಲ್ಲ ಪೇಢೆ ಹಂಚಿದರು. ಸುಂದರಾ ಸಾಲಿನಲ್ಲಿ ಎರಡು ಸಲ ನಿಂತು ಎರಡು ಪೇಢೆ ತಿಂದಳು.

ಭಾವುಸಾಹೇಬ ಮಾತ್ರ ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದ: “ನಾ ಹೆಂಗೂ ಮ್ಯಾಲ ಬರಾಕತ್ತಿದ್ದೆ. ಅಷ್ಟರಾಗ ಈಕಿ ಅಡ್ಡ ಬಂದ್ಳು.”

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಬೆಳಗಾವಿಗೆ ಹೋಗಿ ಓದಿ, ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಕನ್ನಡ ಶಿಕ್ಷಕಿಯಾದೆ. ಭಾವುಸಾಹೇಬ ನಿಪ್ಪಾಣಿಯಲ್ಲಿ ಹಗ್ಗ, ಪೈಪು, ಮೊಳೆ ಮಾರುವ ಅಂಗಡಿ ತೆರೆದ. ಸುಂದರಾಳನ್ನು ಅವಳ ಸೋದರಮಾವನ ಮಗ ರಾಜಾರಾಮನಿಗೆ ಕೊಟ್ಟರು. ಅದೇ ಊರು, ನಾಲ್ಕು ಹೊಲ ದಾಟಿದರೆ ಗಂಡನ ಮನೆ. ಅಲ್ಲಿಯೂ ಬಾವಿ ಇತ್ತು, ಅಪ್ಪನ ಬಾವಿಗಿಂತ ದೊಡ್ಡದು. ಮದುವೆಯಾದ ನಾಲ್ಕನೆಯ ದಿನ ಮಧ್ಯಾಹ್ನ ಸೊಸೆ ಕಾಣುತ್ತಿಲ್ಲವೆಂದು ಅತ್ತೆ ಹುಡುಕುತ್ತ ಹೋದರೆ, ಸೊಸೆ ಸೀರೆಗೆ ಕಚ್ಚೆ ಹಾಕಿ ಬಾವಿಯ ನಡುವೆ ಅಂಗಾತ ತೇಲುತ್ತ ಆಕಾಶ ನೋಡುತ್ತಿದ್ದಳಂತೆ. ಮಗ ಕೈಯಲ್ಲಿ ಟವೆಲು ಹಿಡಿದು ದಡದಲ್ಲಿ ನಿಂತಿದ್ದನಂತೆ. ರಾಜಾರಾಮನಿಗೆ ಈಜು ಬರುತ್ತಿರಲಿಲ್ಲ. ಹೆಂಡತಿಯನ್ನು ನೋಡುವುದರಲ್ಲೇ ಅವನಿಗೆ ಸಂತೋಷ. ಎಷ್ಟೋ ವರ್ಷ ಅಷ್ಟೇ.

ಅವರಿಗೆ ಒಬ್ಬಳೇ ಮಗಳು, ಸೀಮಾ. ನಾಲ್ಕು ವರ್ಷಕ್ಕೆ ಈಜು ಕಲಿತಳು, ಮುಂದೆ ನರ್ಸಿಂಗ್ ಓದಿ ನಿಪ್ಪಾಣಿಯಲ್ಲಿ ಕೆಲಸಕ್ಕೆ ಸೇರಿದಳು. ಸುಂದರಾ ಕಬ್ಬು, ಸೋಯಾಬೀನು, ಎರಡು ಎಮ್ಮೆ ನೋಡಿಕೊಂಡಿದ್ದಳು. ನಾನು ತವರಿಗೆ ಹೋದಾಗಲೆಲ್ಲ ಎಮ್ಮೆಯ ಹಾಲಿನಲ್ಲಿ ಗಟ್ಟಿ ಚಹಾ ಮಾಡಿ, ಕಪ್ಪು ಕೈಗೆ ಕೊಡುವ ಮೊದಲೇ ಜೋರಾಗಿ ನಗಲು ಶುರು ಮಾಡುತ್ತಿದ್ದಳು. ಏನು ಹೇಳಲಿದ್ದಾಳೆ ಎಂಬುದು ಅವಳಿಗೆ ಮೊದಲೇ ಗೊತ್ತಿರುತ್ತಿತ್ತಲ್ಲ.

ಒಂದೇ ಒಂದು ಸಲ ನಗದೆ ಮಾತಾಡಿದ್ದು ನೆನಪಿದೆ. ೨೦೨೧ರ ಜುಲೈನಲ್ಲಿ ವೇದಗಂಗಾ ಉಕ್ಕಿ ಹೊಲದೊಳಗೆ ಬಂತು. ತೋಟದ ಮನೆಗಳಲ್ಲಿದ್ದವರನ್ನೆಲ್ಲ ದೋಣಿಯಲ್ಲಿ ಊರಿಗೆ ತಂದರು. ಯಾರಿಗೂ ಏನೂ ಆಗಲಿಲ್ಲ. ನೀರು ಇಳಿದ ಮೇಲೆ ನಾನು ನೋಡಲು ಹೋದಾಗ ಅವಳು ಕೆಸರು ಬಳಿಯುತ್ತಿದ್ದಳು. ಕುತ್ತಿಗೆಯ ಮೇಲೆ ಉಗುರಿನ ಗೀರುಗಳಿದ್ದವು.

“ಇದೇನ ಬೇ?” ಎಂದೆ.

“ಲಕ್ಕವ್ವತ್ತಿ. ದೋಣಿ ಒಂಚೂರು ವಾಲಿತು, ನನ್ನ ಕುತಗಿ ಹಿಡದಾಕಿ ದಂಡಿಗಿ ಬಂದ ಮ್ಯಾಲೂ ಬಿಡವಲ್ಲಳು.” ಲಕ್ಕವ್ವ ಪಕ್ಕದ ತೋಟದ ಹಿರಿಯ ಹೆಂಗಸು, ಆಗ ಅರವತ್ತಾರು. ಸುಂದರಾ ಪೊರಕೆ ಕೆಳಗಿಟ್ಟು ನನ್ನ ಮುಖ ನೋಡಿದಳು. “ಆ ದೋಣ್ಯಾಗ ಹೆಣ್ಣಮಕ್ಕಳು ಹದಿನಾಕ ಮಂದಿ, ಗಂಡಸರು ನಾಕ ಮಂದಿ. ಗಂಡಸರಾಗ ನಮ್ಮ ಮನಿಯವರನ್ನ ಬಿಟ್ರ ಎಲ್ಲಾರಿಗೂ ಈಸ ಬರ್ತೈತಿ. ಹೆಣ್ಣಮಕ್ಕಳಾಗ ನನಗೊಬ್ಬಾಕಿಗಿ. ಎಲ್ಲಾರೂ ಅದ ಊರಾಗ ಬಾಳಿದವರು, ಅವ ಬಾವಿ ನೀರ ಸೇದಿದವರು. ಹಿಂಗ್ಯಾಕ ಬ್ರಾಹ್ಮಿ?”

ನಾನು ಶಾಲೆಯಲ್ಲಿ ಪಾಠ ಹೇಳುವವಳು, ಉತ್ತರ ಕೊಡುವುದು ರೂಢಿ. ಅಂದು ಅವಳು ಕೆಳಗಿಟ್ಟ ಪೊರಕೆ ಎತ್ತಿಕೊಂಡು ಕೆಸರು ಬಳಿಯತೊಡಗಿದೆ.

ಅವಳು ಉತ್ತರಕ್ಕಾಗಿ ಕಾಯಲೂ ಇಲ್ಲ. ಮುಂದಿನ ಬೇಸಿಗೆ, ಹೋಳಿ ಮುಗಿದ ವಾರವೇ, ಓಣಿ ಓಣಿ ತಿರುಗಿ ಹೇಳಿ ಬಂದಳು. ದಿನಾಲೂ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ನಮ್ಮ ಬಾವಿಯಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತೇನೆ, ಆ ಹೊತ್ತಿನಲ್ಲಿ ಪಂಪು ಬಂದ್, ಗಂಡಸರು ಅತ್ತ ಸುಳಿಯುವ ಹಾಗಿಲ್ಲ ಎಂದು.

ಮೊದಲ ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೆಯ ದಿನ ಲಕ್ಕವ್ವ ಒಬ್ಬಳೇ ಬಂದಳು, ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದುಕೊಂಡು. “ನನಗ ಈಸ ಕಲಸಬ್ಯಾಡ. ಮುಳಗದಂಗ ಇರೂದ ಅಷ್ಟ ಕಲಸ” ಎಂದಳಂತೆ.

“ಅತ್ತಿ, ಎರಡೂ ಒಂದ” ಎಂದಳು ಸುಂದರಾ.

ಲಕ್ಕವ್ವ ಭಾರದ ಹೆಂಗಸು. ಸೋರೆಬುರುಡೆಗಳ ಕಾಲ ಮುಗಿದಿತ್ತು. ಮನೆಯಲ್ಲಿದ್ದ ಐದು ಲೀಟರಿನ ಎಣ್ಣೆ ಕ್ಯಾನು ನಾಲ್ಕು ಕಟ್ಟಿದರೂ ಸುಂದರಾಳಿಗೆ ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ನಿಪ್ಪಾಣಿಗೆ, ಭಾವುಸಾಹೇಬನ ಅಂಗಡಿಗೆ ಹೋದಳು. ಆ ದಿನ ರವಿವಾರ, ನಾನೂ ಬಾಗಿಲ ಚಿಲಕ ಕೊಳ್ಳಲು ಅಲ್ಲೇ ಇದ್ದೆ. ಅಂಗಡಿಯಲ್ಲಿ ಇನ್ನೂ ಐದಾರು ಗಿರಾಕಿಗಳಿದ್ದರು.

“ಗಟ್ಟಿ ಹಗ್ಗ ಕೊಡೊ. ಮನಷ್ಯಾರ ಭಾರ ತಡೀಬೇಕು.”

“ಯಾರನ್ನ ಕಟ್ಟಾಕ?” ಎಂದ ಭಾವುಸಾಹೇಬ. ವಿಷಯ ಕೇಳಿದ ಮೇಲೆ ತಕ್ಕಡಿ ಬಿಟ್ಟು ಈಚೆ ಬಂದ. “ಏನ ಹುಚ್ಚಬೇ ನಿಂದು? ಯಾರರ ಮುಳಗಿದ್ರ?”

“ನಿನ್ನ ಮುಳಗಗೊಟ್ಟಿದ್ನೇನ?”

ಗಿರಾಕಿಗಳು ತಿರುಗಿ ನೋಡಿದರು. ಎಂದಿನಂತೆ ಅವನು ತನ್ನ ಹಳೆಯ ಮಾತು ಹೇಳುತ್ತಾನೆ ಎಂದುಕೊಂಡೆ. ಅವನು ಹಗ್ಗದ ಸುರುಳಿಯೊಂದನ್ನು ಇಳಿಸಿ ಅವಳ ಮುಂದಿಟ್ಟ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಇಲ್ಲ. ಅವತ್ತ ನೀ ಬರದಿದ್ರ ನಾ ಹೋಗ್ತಿದ್ದೆ. ಎರಡನೇ ಸರ್ತಿ ಒಳಗ ಹ್ವಾದಾಗ ನಮ್ಮ ಅವ್ವನ ಮಾರಿ ಕಾಣಿಸಿತ್ತು ನನಗ.”

ಸುಂದರಾಳ ಕಣ್ಣು ತುಂಬಿದವು. ಆದರೆ ಅವಳು ಅವಳೇ. “ಮತ್ತ ಮೂವತ್ತೆಂಟ ವರ್ಷ ಯಾಕ ಸುಳ್ಳ ಹೇಳಿದಿಲೇ?” ಎಂದಳು. ಅಂಗಡಿಯೇ ನಕ್ಕಿತು. ಭಾವುಸಾಹೇಬ ಟ್ರ್ಯಾಕ್ಟರಿನ ದೊಡ್ಡ ಟ್ಯೂಬು ಎರಡು ತರಿಸಿ, ಗಾಳಿ ತುಂಬಿಸಿ, ತನ್ನ ಟೆಂಪೋದಲ್ಲೇ ಅಕ್ಕೋಳಕ್ಕೆ ಕಳಿಸಿದ.

ಟ್ಯೂಬಿನ ನಡುವೆ ಲಕ್ಕವ್ವ ರಾಣಿಯ ಹಾಗೆ ಕುಳಿತು ಬಾವಿಯ ತುಂಬ ತಿರುಗಿದ್ದನ್ನು ನೋಡಿದ ಮೇಲೆ ಉಳಿದವರು ತಡೆದುಕೊಳ್ಳಲಿಲ್ಲ. ಆ ವಾರ ಎಂಟು ಜನ ಬಂದರು, ಮುಂದಿನ ವಾರ ಇಪ್ಪತ್ತು. ಮುದುಕಿಯರು ಕಚ್ಚೆಯಲ್ಲಿ, ಸೊಸೆಯಂದಿರು ಮಕ್ಕಳ ಟ್ರ್ಯಾಕ್ ಪ್ಯಾಂಟಿನಲ್ಲಿ. ಮೇಲೆ ಗೊಬ್ಬರದ ಕಂಪನಿಯವರು ಗಂಡಂದಿರಿಗೆ ಪುಕ್ಕಟೆ ಕೊಟ್ಟ ಟೀ ಶರ್ಟು. ಬಾವಿಯಲ್ಲಿ ನೋಡಿದರೆ ಯೂರಿಯಾದ ಜಾಹೀರಾತೇ ತೇಲುತ್ತಿದೆ ಎನ್ನಬೇಕು.

ರಾಜಾರಾಮನಿಗೆ ಕಾವಲಿನ ಕೆಲಸ. ಬಾವಿಯಿಂದ ದೂರ, ಹೊಲದ ದಾರಿ ಶುರುವಾಗುವಲ್ಲಿ ಒಂದು ಬೇವಿನ ಗಿಡ. ಅದರ ಕೆಳಗೆ ಬಾವಿಗೆ ಬೆನ್ನು ಮಾಡಿ ಕುಳಿತು, ಮೊಬೈಲಿನಲ್ಲಿ ಜೋರಾಗಿ ಭಜನೆ ಹಚ್ಚುತ್ತಿದ್ದ. ದಾರಿಯಲ್ಲಿ ಬಂದ ಗಂಡಸರಿಗೆಲ್ಲ ಒಂದೇ ಮಾತು: “ಎರಡ ಗಂಟೆಗಿ ಬರ್ರಿ ಪಾವಣೇರ, ಈಗ ಸಾಲಿ ನಡದೈತಿ.”

ಊರಲ್ಲಿ ಗೊಣಗುವವರು ಇರಲಿಲ್ಲ ಎಂದಲ್ಲ. ರಾಜಾರಾಮನ ಚಿಕ್ಕಪ್ಪ, ಎಂಬತ್ತರ ಮುದುಕ, ಒಂದು ದಿನ ಕೋಲೂರುತ್ತ ಮನೆಗೇ ಬಂದ. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ, ಲಕ್ಕವ್ವ ಪಕ್ಕದಲ್ಲಿ ಕೂದಲು ಒಣಗಿಸುತ್ತಿದ್ದಳು.

“ಏನ ನಡಿಸಿ ಸುಂದರಾ? ಮನೆತನದ ಹೆಣ್ಣಮಕ್ಕಳು ಬಾವ್ಯಾಗ ಕುಣ್ಯಾಕತ್ತಾರಂತ. ಮಂದಿ ಏನಂದಾರು?”

ಸುಂದರಾ ಸೆರಗು ತಲೆಯ ಮೇಲೆ ಎಳೆದುಕೊಂಡು ಬಹಳ ವಿನಯದಿಂದ ಹೇಳಿದಳು: “ಖರೇ ಐತ್ರಿ ಕಾಕಾ. ಬಂದ್ ಮಾಡ್ತೇನ್ರಿ. ಆದ್ರ ಮತ್ತ ಹೊಳಿ ಬಂದ್ರ ನಮ್ಮನ್ನೆಲ್ಲಾ ನೀವ ಹೊತ್ಗೊಂಡ ದಂಡಿಗಿ ಒಯ್ಯಬೇಕ್ರಿ. ಮೊದಲ ಲಕ್ಕವ್ವತ್ತೀನ ಒಯ್ರಿ, ಆಕಿ ಭಾಳ ಅಂಜತಾಳ.”

ಮುದುಕ ಲಕ್ಕವ್ವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. ಲಕ್ಕವ್ವ ಕೂದಲು ಕೊಡವಿ ಅವನನ್ನೇ ನೋಡಿದಳು. ಅವನು ಚಹಾ ಕುಡಿದು, ಬೆಲ್ಲ ಚೆನ್ನಾಗಿದೆ ಎಂದು ಹೊಗಳಿ, ಎದ್ದು ಹೋದ. ಮರುದಿನ ಅವನ ಇಬ್ಬರು ಸೊಸೆಯಂದಿರೂ ಬಾವಿಗೆ ಬಂದರು.

ರಜೆಗೆ ತವರಿಗೆ ಬಂದಾಗ ನನ್ನ ಸರದಿ. ಐವತ್ತಮೂರು ವರ್ಷ, ಮಂಡಿ ನೋವು, ಕನ್ನಡಕ. ನನ್ನ ಹತ್ತಿರ ಒಳ್ಳೆಯ ನೆಪ ಇತ್ತು. “ನಾವು ಜೈನರು, ನೀರಿನೊಳಗಿನ ಜೀವಕ್ಕೆ ತ್ರಾಸ ಕೊಡಬಾರದು” ಎಂದೆ.

“ಕಪ್ಪೀಗಿ ನಾ ಹೇಳ್ತೇನಿ,” ಎಂದಳು ಸುಂದರಾ, “ಬ್ರಾಹ್ಮಿ ಬರಾಕತ್ತಾಳ, ಸರದ ಕೂಡ್ರಿ ಅಂತ. ಅವು ಶಾಣ್ಯಾ ಅದಾವ, ನಿನ್ನಂಗ ಹಟಾ ಮಾಡೂದಿಲ್ಲ.” ನನ್ನ ಕೈ ಹಿಡಿದು ಎಳೆದಳು.

ಮೊದಲ ದಿನ ಮೆಟ್ಟಿಲ ಮೇಲೆ ಕುತ್ತಿಗೆಯವರೆಗೆ ನೀರಿನಲ್ಲಿ ಕೂರಿಸಿದಳು, ಅಷ್ಟೇ ಪಾಠ. ಎರಡನೆಯ ದಿನ ಮೂಗು ಹಿಡಿದು ತಲೆ ಮುಳುಗಿಸಿ ಹತ್ತು ಎಣಿಸಬೇಕು. ನಾನು ನಾಲ್ಕಕ್ಕೇ ಎದ್ದೆ. ಮೂರನೆಯ ದಿನ ಬೆನ್ನಿಗೆ ಎರಡು ಕ್ಯಾನು, ಸೊಂಟಕ್ಕೆ ಹಗ್ಗ. ಕಾಲಿನ ಕೆಳಗೆ ಮೆಟ್ಟಿಲು ಇಲ್ಲವಾದ ಆ ಗಳಿಗೆಯಲ್ಲಿ ನನಗೆ ಗೊತ್ತಿದ್ದ ಎಲ್ಲ ತೀರ್ಥಂಕರರ ಹೆಸರನ್ನೂ ಕೂಗಿದೆ.

“ಬಾಯಿ ಮುಚ್ಚಬೇ! ಟೀಚರ ಆಗೇನಿ ಅಂತ ನೀರಾಗೂ ಮಾತಾಡ್ತೀಯೇನ?” ಅವಳ ಅಂಗೈ ನನ್ನ ಹೊಟ್ಟೆಯ ಕೆಳಗೆ ಇತ್ತು. “ನೀರ ಸಂಗಾಟ ಜಗಳಾ ತಗೀಬ್ಯಾಡ. ಕಾಲ ಬಡಿ. ಹಂ, ಬಡಿ. ಎಮ್ಮಿ ಬಡಿತಾವ, ನಿನಗೇನ ಧಾಡಿ?”

ಒಂಬತ್ತನೆಯ ದಿನ ಅವಳು ಅಂಗೈಯನ್ನು ಯಾವಾಗ ತೆಗೆದಳೋ ನನಗೆ ಗೊತ್ತೇ ಆಗಲಿಲ್ಲ. ಎದುರು ದಡದ ಕಲ್ಲು ಕೈಗೆ ಸಿಕ್ಕಾಗ ತಿರುಗಿ ನೋಡಿದೆ. ಅವಳು ಆ ತುದಿಯ ಮೆಟ್ಟಿಲ ಮೇಲೆ ಕೈಕಟ್ಟಿ ಕುಳಿತಿದ್ದಳು. ಇಡೀ ಬಾವಿ ನಾನೊಬ್ಬಳೇ ದಾಟಿದ್ದೆ. ಅಷ್ಟು ದೊಡ್ಡದಾಗಿ ನಾನು ಜೀವನದಲ್ಲಿ ಎಂದೂ ಕಿರುಚಿರಲಿಲ್ಲ. ಬೇವಿನ ಗಿಡದ ಕೆಳಗೆ ರಾಜಾರಾಮ ಭಜನೆ ನಿಲ್ಲಿಸಿ, ಮುಖ ತಿರುಗಿಸದೆಯೇ ಕೂಗಿ ಕೇಳಿದ: “ಏನಾತ್ರಿ ಟೀಚರ? ಹಾವ ಏನರ ಬಂತೇನ್ರಿ?”

ಮೂರು ಬೇಸಿಗೆ ಹೀಗೆ ಕಳೆದವು. ಮೂರನೆಯ ಬೇಸಿಗೆಯ ಕೊನೆಗೆ ಒಂದು ದಿನ ರಾಜಾರಾಮ ಚಹಾ ಕುಡಿಯುತ್ತ ನೆಲ ನೋಡಿಕೊಂಡು, “ಎಲ್ಲಾರಿಗೂ ಬಂತು. ನನಗೂ ಒಂದೀಟ ಕಲಸಿದ್ರ ನಡೀತೈತಿ” ಎಂದನಂತೆ. ಆ ವಾರ ಅವನ ಪಾಠ ಬೆಳಗಿನ ಏಳಕ್ಕೆ. ಕಾವಲಿಗೆ ಲಕ್ಕವ್ವ. ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕುಳಿತು, ಕೊಡ ಹೊತ್ತು ಬಂದ ಹೆಂಗಸರನ್ನೆಲ್ಲ ತಡೆದು ಹೇಳಿದಳು: “ಈಗ ಹೋಗಬ್ಯಾಡ್ರೆ ಅತ್ತಾಗ. ಗಂಡಸರು ಈಸ ಕಲ್ಯಾಕತ್ತಾರ, ನಾಚತಾರ.” ರಾಜಾರಾಮನಿಗೆ ಐದೇ ದಿನಕ್ಕೆ ಬಂತು. ಹತ್ತಿರ ಹತ್ತಿರ ನಲವತ್ತು ವರ್ಷ ದಡದಲ್ಲಿ ನಿಂತು ನೋಡಿದ್ದನಲ್ಲ, ಕೈಕಾಲಿಗಷ್ಟೇ ಕಲಿಸಬೇಕಿತ್ತು ಎಂದು ಸುಂದರಾ ಹೇಳಿದಳು. ಆರನೆಯ ದಿನ ಗಂಡಹೆಂಡತಿ ಇಬ್ಬರೂ ಬಾವಿಯ ನಡುವೆ ಅಂಗಾತ ತೇಲುತ್ತ ಮಳೆಯ ಬಗ್ಗೆ, ಎಮ್ಮೆಯ ಬಗ್ಗೆ ಮಾತಾಡಿದರಂತೆ. ಹಾಗೆ ಮಾತಾಡಿದ್ದನ್ನು ಅವಳು ನನಗೆ ಫೋನಿನಲ್ಲಿ ಹೇಳಿದಳು, ಹದಿನೆಂಟರ ಹುಡುಗಿಯ ದನಿಯಲ್ಲಿ.

ಕಳೆದ ವರ್ಷದ ಜನವರಿಯಲ್ಲಿ ಸಂಕ್ರಾಂತಿಯ ಮಾರನೆಯ ದಿನ ಸುಂದರಾ ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಕುಸಿದು ಕುಳಿತಳು. ಮೆದುಳಿನಲ್ಲಿ ರಕ್ತಸ್ರಾವ. ಕೊಲ್ಲಾಪುರದ ದವಾಖಾನೆಯಲ್ಲಿ ಮೂರು ದಿನ ಇದ್ದಳು. ನಾನು ಹೋದಾಗ ಮಾತಿರಲಿಲ್ಲ, ಕಣ್ಣು ಮುಚ್ಚಿತ್ತು. ಕೈ ಹಿಡಿದುಕೊಂಡು ಕುಳಿತೆ. ಅಂಗೈ ಬೆಚ್ಚಗಿತ್ತು. ನನ್ನನ್ನು ನೀರಿನ ಮೇಲೆ ಎತ್ತಿ ಹಿಡಿದ ಅಂಗೈ ಅದು. ಮೂರನೆಯ ದಿನ ಸಂಜೆ ಹೋಗಿಬಿಟ್ಟಳು. ಐವತ್ತಾರು ತುಂಬಿರಲಿಲ್ಲ.

ಅವಳ ಮಣ್ಣಿಗೆ ಬಂದಷ್ಟು ಹೆಂಗಸರನ್ನು ನಾನು ನಮ್ಮೂರಲ್ಲಿ ಯಾರ ಮಣ್ಣಿಗೂ ನೋಡಿಲ್ಲ. ರಾಜಾರಾಮ ಅಳಲಿಲ್ಲ. ಅವನು ಅತ್ತದ್ದು ಹದಿನೈದು ದಿನದ ಮೇಲೆ, ಹಗ್ಗದ ಮೇಲೆ ಒಣಹಾಕಿದ್ದ ಟವೆಲು ತೆಗೆಯುವಾಗ ಎಂದು ಸೀಮಾ ಹೇಳಿದಳು.

ಏಪ್ರಿಲಿನಲ್ಲಿ ನಮ್ಮ ಬ್ಯಾಚಿನವರು ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡೆವು. ಭಾವುಸಾಹೇಬನೇ ಮುಂದಾಳು. ಶಾಲೆಯ ದೊಡ್ಡ ಕೋಣೆ, ಕುರ್ಚಿಗಳು, ಫೋಟೋಗೆ ಹಾರ, ಮೈಕು. ಊರ ಹೆಂಗಸರೂ ಬಂದು ಹಿಂದೆ ಕುಳಿತರು. ನಮ್ಮ ತರಗತಿಯ ಗಂಡಸರು ಒಬ್ಬೊಬ್ಬರೇ ಎದ್ದು ಮಾತಾಡಿದರು. ಶಾಲೆಯ ದಿನಗಳಲ್ಲಿ ಅವಳೊಡನೆ ಒಂದು ಮಾತೂ ಆಡದಿದ್ದವರು ಪಾಪ, ಏನು ಹೇಳಬೇಕು? ಒಬ್ಬ ಎದ್ದು, “ಸುಂದರಾ ಅವರು ಅತ್ಯಂತ ಶಾಂತ ಸ್ವಭಾವದವರು, ಮಿತಭಾಷಿಗಳು” ಎಂದ.

ಹಿಂದಿನ ಸಾಲಿನಿಂದ ಲಕ್ಕವ್ವನ ದನಿ ಕೇಳಿಸಿತು: “ಇಂವಾ ಯಾರ ಬಗ್ಗೆ ಹೇಳಾಕತ್ತಾನ?”

ಹೆಂಗಸರ ಕಡೆ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದವಳು ತಡೆಯಲಾಗದೆ ಫಕ್ಕನೆ ನಕ್ಕಳು. ನಗು ಸಾಲಿನಿಂದ ಸಾಲಿಗೆ ಹಬ್ಬಿ, ಕೊನೆಗೆ ಮೈಕು ಹಿಡಿದವನೂ ನಕ್ಕ. ಮೂರು ತಿಂಗಳಿಂದ ಆ ಊರಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಲಕ್ಕವ್ವ ಗೋಡೆ ಹಿಡಿದು ಎದ್ದು ನಿಂತಳು.

“ಬಿಸಲ ಭಾಳ ಐತಿ. ಇಲ್ಲಿ ಕುಂತ ಬೆವರ ಸುರಸೂದ ಯಾಕ? ಹನ್ನೆರಡ ಆಗಾಕ ಬಂತು. ಬಾವಿಗಿ ನಡ್ರಿ.”

ಹೆಂಗಸರು ಎದ್ದರು, ನಾನೂ ಎದ್ದೆ. ಗಂಡಸರು ಊಟದ ವ್ಯವಸ್ಥೆ ನೋಡುತ್ತೇವೆ ಎಂದು ಅಲ್ಲೇ ಉಳಿದರು.

ಸಭೆಗೆ ಬರದೆ ತೋಟದಲ್ಲೇ ಇದ್ದ ರಾಜಾರಾಮ ನಮ್ಮನ್ನು ನೋಡಿದ್ದೇ ಪಂಪು ಬಂದ್ ಮಾಡಿದ. ಆ ಬೇಸಿಗೆಯಲ್ಲಿ ಒಬ್ಬರೂ ಬಂದಿರಲಿಲ್ಲ. ಆದರೂ ಮೆಟ್ಟಿಲ ಮೇಲೆ ಪಾಚಿ ಇರಲಿಲ್ಲ, ನೀರಿನ ಮೇಲೆ ಒಂದು ಎಲೆಯೂ ಇರಲಿಲ್ಲ. ದಿನಾಲೂ ಬೆಳಿಗ್ಗೆ ಅವನೇ ಇಳಿದು ಸ್ವಚ್ಛ ಮಾಡುತ್ತಿದ್ದನಂತೆ. ನಾವು ಬಟ್ಟೆ ತಂದಿರಲಿಲ್ಲ. ಸೀಮಾ ಒಳಗೆ ಹೋಗಿ ಅವ್ವನ ಟ್ರಂಕು ತೆರೆದು, ಮಡಿಸಿಟ್ಟ ಟೀ ಶರ್ಟುಗಳನ್ನೆಲ್ಲ ಹೊತ್ತು ತಂದಳು. ನನಗೆ ಸಿಕ್ಕಿದ್ದಕ್ಕೆ ಹೆಗಲ ಮೇಲೆ ಹೊಲಿಗೆ ಇತ್ತು. ಅವಳದೇ ಕೈಯ ದಪ್ಪ ಹೊಲಿಗೆ. ಹಾಕಿಕೊಂಡೆ.

ಮೊದಲು ಹಾರಿದವಳು ಸೀಮಾ. ಮೇಲಿನ ಕಲ್ಲಿನಿಂದ, ಅವ್ವನ ಹಾಗೇ ಮೊಣಕಾಲು ಎದೆಗೆ ಅಪ್ಪಿಕೊಂಡು. ಬಹಳ ಹೊತ್ತು ಒಳಗೇ ಇದ್ದಳು. ಮೇಲೆ ಬಂದಾಗ ಮುಖದ ಮೇಲಿದ್ದುದು ಬಾವಿಯ ನೀರೋ ಬೇರೆಯೋ, ನಾವು ಕೇಳಲಿಲ್ಲ. “ಬರ್ರಿ, ತಣ್ಣಗ ಐತಿ” ಎಂದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಅರ್ಧ ಗಂಟೆಯೊಳಗೆ ಯಾರು ಯಾರಿಗೆ ನೀರು ಎರಚುತ್ತಿದ್ದಾರೆ ಎಂದು ತಿಳಿಯದಷ್ಟು ಗದ್ದಲ. ಒಬ್ಬಳು ಸುಂದರಾ ಎಮ್ಮೆಗೆ ಬೈಯುತ್ತಿದ್ದ ರೀತಿ ಮಾಡಿ ತೋರಿಸಿದಳು, ಇನ್ನೊಬ್ಬಳು ನಾನು ತೀರ್ಥಂಕರರನ್ನು ಕೂಗಿದ್ದನ್ನು. ನಕ್ಕು ನಕ್ಕು ನನಗೆ ನೀರು ಮೂಗಿಗೆ ಹೋಯಿತು. ಶ್ರದ್ಧಾಂಜಲಿ ಎಂದರೆ ಅದೇ. ಶಾಲೆಗೆ ಮರಳಿ ಊಟಕ್ಕೆ ಕುಳಿತಾಗ ಎಲ್ಲರ ತಲೆಯಿಂದಲೂ ನೀರು ಎಲೆಗೆ ತೊಟ್ಟಿಕ್ಕುತ್ತಿತ್ತು.

ಅಂದಿನಿಂದ ರವಿವಾರದ ಪಾಠ ಸೀಮಾಳದು. ಉಳಿದ ದಿನ ಮೊದಲು ಕಲಿತವರು ಹೊಸಬರಿಗೆ ಕಲಿಸುತ್ತಾರೆ. ರಜೆಯಲ್ಲಿ ನಾನೂ ಹೋಗುತ್ತೇನೆ. ನನ್ನ ಕೈಯಲ್ಲಿ ಇದುವರೆಗೆ ಆರು ಜನ ಬಾವಿ ದಾಟಿದ್ದಾರೆ.

ಈ ಫೆಬ್ರುವರಿಯಲ್ಲಿ ಹೊಳೆಯ ಆಚೆಯ ಸಿದ್ನಾಳದಿಂದ ನಾಲ್ವರು ಹೆಂಗಸರು ಸೇತುವೆ ದಾಟಿ ಬಂದು ನಮ್ಮೂರಲ್ಲೂ ಶುರು ಮಾಡಿಕೊಡಿ ಎಂದು ಕೇಳಿದರು. ಅವರ ಬಾವಿಯ ಮೆಟ್ಟಿಲುಗಳನ್ನು ರಾಜಾರಾಮ ಹೋಗಿ ನೋಡಿ, ಎರಡು ಕಲ್ಲು ಅಲುಗುತ್ತವೆ, ಗಟ್ಟಿ ಮಾಡಿರಿ ಎಂದು ಹೇಳಿ ಬಂದ. ಮಾರ್ಚಿನ ಕೊನೆಯ ರವಿವಾರ ಆರಂಭ. ನಾವು ಹೋಗುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು ಬಾವಿಯ ಸುತ್ತ ನಿಂತು, ನೀ ಮೊದಲು ನೀ ಮೊದಲು ಎಂದು ಒಬ್ಬರನ್ನೊಬ್ಬರು ನೂಕುತ್ತಿದ್ದರು. ಲಕ್ಕವ್ವನನ್ನು ಮುಖ್ಯ ಅತಿಥಿ ಎಂದು ಕರೆಸಿದ್ದರು. ಈಗ ಅವಳಿಗೆ ಎಪ್ಪತ್ತೊಂದು. ಸಿದ್ನಾಳದವರು ಚೆಂಡುಹೂವಿನ ದೊಡ್ಡ ಹಾರ ಹಿಡಿದು ಮುಂದೆ ಬಂದರು. ಲಕ್ಕವ್ವ ಹಾರವನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

“ಆಮ್ಯಾಲ ಹಾಕ್ರೆ, ಈಗ ಸುಮ್ನ ತೊಯ್ಯತೈತಿ,” ಎಂದು ಕಚ್ಚೆ ಬಿಗಿ ಮಾಡಿಕೊಂಡು, ಅತ್ತಿತ್ತ ನೋಡದೆ ಮೆಟ್ಟಿಲಿಳಿದು ನೀರಿಗೆ ಹೋದಳು.